ಅಜ್ಜನ ಮಳೆ ಡೈರಿ ಮತ್ತು ಡಿಗ್ರಿ ಕ್ಲಾಸಿನ ಎಐ ಪಾಠ

ವಿದ್ಯಾರ್ಥಿನಿಯೊಬ್ಬಳು ತಂದ ಅಜ್ಜನ ಮಳೆ ಡೈರಿಯ ಪುಟದಲ್ಲಿ "2.5" ಎಂದು ಬರೆದಿದೆ. ಹಾಗಾದರೆ ಅವತ್ತು ಎಷ್ಟು ಮಳೆ ಬಿತ್ತು?

ಕೊಡಗಿನ ತೋಟದ ಮನೆಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಇದೆ. ಇಲ್ಲಿ ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟ್ಸ್. "ನಿನ್ನೆ ಅರವತ್ತು ಸೆಂಟ್ಸ್ ಬಂತು" ಎಂದರೆ 0.60 ಇಂಚು. ಹಾಗಿರುವಾಗ 2.5 ಎಂದು ಬರೆದವರ ಮನಸ್ಸಿನಲ್ಲಿ ಎರಡೂವರೆ ಇಂಚು ಇತ್ತೋ, ಎರಡು ಇಂಚು ಐದು ಸೆಂಟ್ಸ್ ಇತ್ತೋ? ಮೊದಲನೆಯದಾದರೆ 63.5 ಮಿ.ಮೀ., ಎರಡನೆಯದಾದರೆ 52 ಮಿ.ಮೀ. ಕಂಪ್ಯೂಟರಿಗೆ ಈ ಅನುಮಾನವೇ ಬರುವುದಿಲ್ಲ. ಅದು 2.5 ಎಂದೇ ಓದಿಕೊಂಡು ಮುಂದೆ ಹೋಗುತ್ತದೆ.

ನಾನು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಎ, ಬಿಕಾಂ ಮಕ್ಕಳಿಗೆ ಕೃತಕ ಬುದ್ಧಿಮತ್ತೆಯ ಮೂಲಪಾಠ ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ, ಈ 2.5ರಿಂದ ಎನ್ನುತ್ತೇನೆ. ರೋಬೋಟ್ ಚಿತ್ರದಿಂದ ಅಲ್ಲ. ಚಾಟ್‌ಬಾಟ್ ತೆರೆದು ಪ್ರವಾಸ ಕಥನ ಬರೆಸಿ ತೋರಿಸುವುದರಿಂದಲೂ ಅಲ್ಲ.

ನಮ್ಮಲ್ಲಿ ಈ ಪಾಠ ಹೊಸದೇನಲ್ಲ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿ ತರಗತಿಗಳಿಗೆ ತಂದಿತು. ಆಗ ಡಿಜಿಟಲ್ ಫ್ಲುಯೆನ್ಸಿ ಎಂಬ ಪೇಪರ್ ಬಂತು. ಅದರ ಹಿಂದೆಯೇ ಕೃತಕ ಬುದ್ಧಿಮತ್ತೆ ಎಂಬ ಪೇಪರೂ ಬಂತು. ಕಂಪ್ಯೂಟರ್ ವಿಷಯ ತೆಗೆದುಕೊಂಡವರಿಗೆ ಮಾತ್ರವಲ್ಲ, ಇತಿಹಾಸ ಓದುವವರಿಗೂ ಕನ್ನಡ ಓದುವವರಿಗೂ ಇತ್ತು. ಯೋಚನೆ ಒಳ್ಳೆಯದೇ. ಆದರೆ ತರಗತಿಯಲ್ಲಿ ಆದದ್ದು ಬೇರೆ. "ಎಐ ಎಂದರೇನು, ಅದರ ಉಪಯೋಗಗಳನ್ನು ಬರೆಯಿರಿ" ಎಂಬ ಪ್ರಶ್ನೆಗೆ ಮಕ್ಕಳು ಉತ್ತರ ಬಾಯಿಪಾಠ ಮಾಡಿದರು. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಕಾರ್ಯಾಗಾರ, ಆ ಹೆಸರು ಕೊಟ್ಟ ಜಾನ್ ಮೆಕಾರ್ಥಿ, ಆಮೇಲೆ ಆರೋಗ್ಯ, ಕೃಷಿ, ಬ್ಯಾಂಕಿಂಗ್ ಎಂದು ಒಂದು ಪಟ್ಟಿ. ಪರೀಕ್ಷೆ ಮುಗಿಯಿತು, ಮರೆತೂ ಹೋಯಿತು. ಅಷ್ಟರಲ್ಲಿ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಅದೇ ಮಕ್ಕಳು ಅದೇ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಬರೆಸಿಕೊಂಡರು! ನಾವು ಕೇಳಿದ್ದೇ ಯಂತ್ರ ಬರೆಯಬಲ್ಲ ಪ್ರಶ್ನೆ. ಮಕ್ಕಳನ್ನು ಬೈದು ಏನು ಪ್ರಯೋಜನ?

2024-25ರಿಂದ ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಹಳೆಯ ಕ್ರಮಕ್ಕೆ ಮರಳಿತು. ಪಠ್ಯ ಮತ್ತೆ ಬದಲಾಯಿತು. ಇದರ ನಡುವೆ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗಿತ್ತು. ಎರಡು ವರ್ಷ ತುಂಬುವುದರೊಳಗೆ ರಾಜ್ಯದ ಹೊಸ ವಿವಿಗಳನ್ನು ಮುಚ್ಚುವ ಮಾತೂ ಕೇಳಿಬಂತು. ಯಾವ ವಿವಿ, ಯಾವ ಪೇಪರ್, ಎಷ್ಟು ಕ್ರೆಡಿಟ್ ಎಂಬ ಲೆಕ್ಕ ವರ್ಷ ವರ್ಷ ಬದಲಾಗುತ್ತದೆ. ಅದನ್ನು ನೆಚ್ಚಿಕೊಂಡು ಕುಳಿತರೆ ಆಗುವುದಿಲ್ಲ. ಯಾವ ಪೇಪರಿನ ಒಳಗೂ ಸೇರಿಸಬಹುದಾದ ಮೂಲಪಾಠ ಯಾವುದು ಎಂದು ಯೋಚಿಸುವುದೇ ಒಳ್ಳೆಯದು.

ತೀರ್ಥೋದ್ಭವ ಮತ್ತು ಔಟ್‌ಟರ್ನ್

ಮೊದಲು ಒಂದು ವ್ಯತ್ಯಾಸ ಅರ್ಥವಾಗಬೇಕು. ಅದಕ್ಕೆ ಇಲ್ಲೇ ಎರಡು ಉದಾಹರಣೆ ಇವೆ.

ಪ್ರತಿ ವರ್ಷ ಅಕ್ಟೋಬರ್ ನಡುವಿನಲ್ಲಿ ತಲಕಾವೇರಿಯ ತೀರ್ಥೋದ್ಭವ. ಇಂಥ ದಿನ, ಇಷ್ಟು ಗಂಟೆ, ಇಷ್ಟು ನಿಮಿಷ ಎಂದು ಮೊದಲೇ ಪ್ರಕಟವಾಗುತ್ತದೆ. ಸೂರ್ಯ ತುಲಾ ರಾಶಿಗೆ ಹೋಗುವ ಹೊತ್ತನ್ನು ಪಂಚಾಂಗದ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಸೂತ್ರ ಗೊತ್ತಿದ್ದರೆ ಸಾಕು. ಹಿಂದಿನ ನೂರು ವರ್ಷದ ತೀರ್ಥೋದ್ಭವದ ಸಮಯ ತಿಳಿದಿರಬೇಕಾಗಿಲ್ಲ. ನಾವು ಬಹಳ ಕಾಲ ನೋಡಿದ ಕಂಪ್ಯೂಟರ್ ಪ್ರೋಗ್ರಾಂಗಳು ಹೀಗೇ ಇದ್ದವು. ನಿಯಮವನ್ನು ಮನುಷ್ಯ ಬರೆದುಕೊಡುತ್ತಾನೆ, ಯಂತ್ರ ಅದರಂತೆ ಲೆಕ್ಕ ಮಾಡುತ್ತದೆ. ಬ್ಯಾಂಕಿನ ಬಡ್ಡಿ ಲೆಕ್ಕವೂ ಹಾಗೇ.

ಇನ್ನು ಕಾಫಿ ವ್ಯಾಪಾರಿಯನ್ನು ನೋಡಿ. ಕಣದಲ್ಲಿ ಒಣಗಿಸಿದ ರೊಬಸ್ಟಾ ಚೆರಿಯನ್ನು, ಅಂದರೆ ಸಿಪ್ಪೆಸಹಿತ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲದಲ್ಲಿ ತರುತ್ತಾರೆ. ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಎಂಬುದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ದರ ನಿಲ್ಲುವುದೇ ಅದರ ಮೇಲೆ. ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ತೂಗಿ ನೋಡುತ್ತಾರೆ ನಿಜ. ಆದರೆ ಪಳಗಿದ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಅಲುಗಾಡಿಸಿ "ಇಪ್ಪತ್ತಾರು ಬರಬಹುದು" ಎಂದುಬಿಡುತ್ತಾನೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ನಗುತ್ತಾನೆ. ಅವನ ಹತ್ತಿರ ಸೂತ್ರ ಇಲ್ಲ. ಸಾವಿರಾರು ಚೀಲ ನೋಡಿದ ಅನುಭವ ಇದೆ, ಅಷ್ಟೇ. ಮೊದಮೊದಲು ಊಹಿಸಿದ್ದು ತಪ್ಪುತ್ತಿತ್ತು. ತಕ್ಕಡಿಯಲ್ಲಿ ನಿಜ ತಿಳಿಯುತ್ತಿತ್ತು. ಮುಂದಿನ ಸಲ ಕೈಯ ಭಾರಕ್ಕೆ ಸ್ವಲ್ಪ ಜಾಸ್ತಿ ಬೆಲೆ ಕೊಟ್ಟ, ಬಣ್ಣಕ್ಕೆ ಸ್ವಲ್ಪ ಕಮ್ಮಿ ಬೆಲೆ ಕೊಟ್ಟ. ಹೀಗೆ ತಿದ್ದಿಕೊಳ್ಳುತ್ತಾ ಹೋದ.

ಮೆಷಿನ್ ಲರ್ನಿಂಗ್ ಎಂದರೆ ಇದೇ. ಊಹಿಸು, ನಿಜದ ಜೊತೆ ಹೋಲಿಸು, ಎಷ್ಟು ತಪ್ಪಾಯಿತೋ ಅದಕ್ಕೆ ತಕ್ಕಂತೆ ಒಳಗಿನ ಅಂಕಿಗಳನ್ನು ತಿದ್ದು. ಮತ್ತೆ ಊಹಿಸು. ಆ ಒಳಗಿನ ಅಂಕಿಗಳಿಗೆ ತೂಕ ಎನ್ನುತ್ತಾರೆ, ಇಂಗ್ಲಿಷಿನ ವೆಯ್ಟ್. 1950ರ ದಶಕದ ಕೊನೆಗೆ ಫ್ರಾಂಕ್ ರೋಸೆನ್‌ಬ್ಲಾಟ್ ಮಾಡಿದ ಪರ್ಸೆಪ್ಟ್ರಾನ್ ಎಂಬ ಕಲಿಯುವ ಯಂತ್ರದಲ್ಲಿ ಇಂಥ ತೂಕಗಳು ಇವತ್ತಿಗೆ ಹೋಲಿಸಿದರೆ ಬಹಳ ಕಮ್ಮಿ ಇದ್ದವು. ಇವತ್ತಿನ ದೊಡ್ಡ ಮಾದರಿಗಳಲ್ಲಿ ಅವು ಕೋಟಿ ಕೋಟಿ. ಹಲವು ಪದರಗಳ ತೂಕಗಳನ್ನು ತಿದ್ದುವ ಒಂದು ದಾರಿಯನ್ನು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಲ್ಲರಿಗೂ ತಿಳಿಯುವಂತೆ ಮಾಡಿದರು. ಹಿಂಟನ್ ಅವರಿಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬಿಎ ವಿದ್ಯಾರ್ಥಿಗೆ ಇದರ ಗಣಿತ ಬೇಕಾಗಿಲ್ಲ. ತಪ್ಪಿನಿಂದ ತೂಕ ಬದಲಾಗುತ್ತದೆ ಎಂಬುದು ತಲೆಗೆ ಹೋದರೆ ಸಾಕು.

ಅದು ಹೋದ ಮೇಲೆ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ದಕ್ಷಿಣ ಕೊಡಗಿನ ರೊಬಸ್ಟಾ ನೋಡಿಯೇ ಪಳಗಿದ ವ್ಯಾಪಾರಿಯನ್ನು ಸೋಮವಾರಪೇಟೆ ಕಡೆಯ ಅರೇಬಿಕಾ ಚೀಲದ ಮುಂದೆ ನಿಲ್ಲಿಸಿದರೆ? ಅವನು ಅಷ್ಟೇ ಧೈರ್ಯದಿಂದ ಹೇಳಬಹುದು, ಆದರೆ ತಪ್ಪಬಹುದು. ಯಂತ್ರವೂ ಹಾಗೇ. ಕಲಿತ ಜಾಗ ಬಿಟ್ಟು ಹೊರಗೆ ಬಂದಾಗ ಅದರ ದನಿ ಬದಲಾಗುವುದಿಲ್ಲ. 2024ರಲ್ಲಿ ರೊಬಸ್ಟಾ ದರ ದಾಖಲೆ ಮಟ್ಟಕ್ಕೆ ಏರಿತಲ್ಲ, ವಿಯೆಟ್ನಾಂನಲ್ಲಿ ಬೆಳೆ ಕೈಕೊಟ್ಟಿದ್ದು ಅದಕ್ಕೆ ದೊಡ್ಡ ಕಾರಣ. ಕೊಡಗಿನ ಹಿಂದಿನ ಹತ್ತು ವರ್ಷದ ದರ ಮಾತ್ರ ಓದಿಕೊಂಡ ಯಂತ್ರಕ್ಕೆ ವಿಯೆಟ್ನಾಂ ಎಂಬ ದೇಶ ಇದೆ ಎಂದೇ ಗೊತ್ತಿರುವುದಿಲ್ಲ.

98.6 ಮಾರ್ಕ್ಸ್ ತೆಗೆದ ದಡ್ಡ

ಈ ಪಾಠ ಮಾಡುವಾಗ ತರಗತಿ ತಣ್ಣಗಾಗುತ್ತದೆ. ಯಾಕೆಂದರೆ ವಿಷಯ ಆನೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಒಂದು ತೋಟಕ್ಕೆ ವರ್ಷದಲ್ಲಿ 5 ರಾತ್ರಿ ಆನೆ ಬಂತು ಎಂದುಕೊಳ್ಳಿ. ಉಳಿದ 360 ರಾತ್ರಿ ಬರಲಿಲ್ಲ. ಆನೆ ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಒಂದು ಯಂತ್ರ ತಂದಿಟ್ಟಿದ್ದೇವೆ. ಅದು ಪ್ರತಿ ರಾತ್ರಿ "ಬರಲ್ಲ" ಎನ್ನುತ್ತದೆ. ಬೇರೆ ಮಾತೇ ಇಲ್ಲ. ಅದು ಎಷ್ಟು ಸಲ ಸರಿ? 365ರಲ್ಲಿ 360 ಸಲ, ಅಂದರೆ ನೂರಕ್ಕೆ 98.6. ಕಂಪನಿಯವರು ಇದೇ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಮಾರಬಹುದು. ಆದರೆ ಆನೆ ಬಂದ ಐದೂ ರಾತ್ರಿ ಅದು ತಪ್ಪು.

ಇನ್ನೊಂದು ಯಂತ್ರ ಇದೆ. ಆನೆ ಬಂದ 5 ರಾತ್ರಿಯೂ ಕೂಗಿತು. ಜೊತೆಗೆ ಆನೆ ಬರದ 40 ರಾತ್ರಿಯೂ ಸುಮ್ನೆ ಕೂಗಿತು. ಅದು ಸರಿ ಹೇಳಿದ್ದು 325 ಸಲ, ನೂರಕ್ಕೆ 89. ಮಾರ್ಕ್ಸ್ ಕಮ್ಮಿ. ಆದರೆ ಬೆಳಿಗ್ಗೆ ಕೂಲಿಯವರ ಲೈನ್ ಮನೆಯಿಂದ ಹಣ್ಣು ಕುಯ್ಯಲು ಹೊರಡುವವರಿಗೆ ಯಾವ ಯಂತ್ರ ಬೇಕು?

ಮಕ್ಕಳು ಒಂದೇ ಬಾಯಿಂದ ಎರಡನೆಯದು ಎನ್ನುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಮಾತು ತೆಗೆಯುತ್ತಾರೆ. ಸಾರ್, ನಲವತ್ತು ದಿನ ಸುಳ್ಳು ಕೂಗಿದರೆ ನಲವತ್ತು ದಿನದ ಕೆಲಸ ಹೋಯಿತಲ್ಲ, ಕೂಲಿ ಯಾರು ಕೊಡುತ್ತಾರೆ? ಹತ್ತು ಸಲ ಸುಳ್ಳಾದ ಮೇಲೆ ಹನ್ನೊಂದನೆಯ ಸಲ ಯಾರು ಫೋನ್ ನೋಡುತ್ತಾರೆ? ಇದು ಪಠ್ಯದ ಪ್ರೆಸಿಷನ್ (ಕೂಗಿದ್ದರಲ್ಲಿ ನಿಜ ಎಷ್ಟು), ರೀಕಾಲ್ (ಆನೆ ಬಂದ ರಾತ್ರಿಗಳಲ್ಲಿ ಕೂಗಿದ್ದು ಎಷ್ಟು) ಎಂಬ ಪಾಠವೇ. ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ. ತಪ್ಪುಗಳಲ್ಲಿ ಎರಡು ಬಗೆ ಇದೆ, ಒಂದನ್ನು ಕಮ್ಮಿ ಮಾಡಲು ಹೋದರೆ ಸಾಮಾನ್ಯವಾಗಿ ಇನ್ನೊಂದು ಜಾಸ್ತಿಯಾಗುತ್ತದೆ, ಎರಡರ ನಷ್ಟವೂ ಒಬ್ಬರ ತಲೆಗೇ ಬರುವುದಿಲ್ಲ. ತೋಟದ ಮಾಲೀಕನಿಗೆ ಒಂದು ತಪ್ಪು ದುಬಾರಿ, ಕೂಲಿಯವಳಿಗೆ ಇನ್ನೊಂದು. ಎಲ್ಲಿಗೆ ಗೆರೆ ಎಳೆಯಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವವರು ಈ ಪಾಠದಲ್ಲಿ ಇರಲೇಬೇಕು ಎಂದು ನಾನು ವಾದಿಸುವುದು ಇದಕ್ಕೇ. ಇಂಥ ಯಂತ್ರ ಕಟ್ಟುವವರು ಬೆಂಗಳೂರಿನಲ್ಲಿ ಇರಬಹುದು. ಅದು ನಮ್ಮೂರಿಗೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು "98.6 ಅಂದರೆ ಯಾವ ಲೆಕ್ಕದಲ್ಲಿ?" ಎಂದು ಕೇಳುವವರು ಇಲ್ಲಿ ಬೇಕು.

ಮಳೆ ಡೈರಿಗೆ ಮತ್ತೆ ಬರುತ್ತೇನೆ. ಅಲ್ಲಿ 2.5ಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಖಾಲಿ ಮನೆಗಳು. ಮಳೆ ಬಾರದ ದಿನ ಕೆಲವರು 0 ಬರೆಯುತ್ತಾರೆ, ಕೆಲವರು ಏನೂ ಬರೆಯುವುದಿಲ್ಲ. ಅಳೆಯಲು ಮರೆತ ದಿನವೂ ಖಾಲಿ. ಎಕ್ಸೆಲ್‌ನಲ್ಲಿ ಸರಾಸರಿ ತೆಗೆದರೆ 0 ಲೆಕ್ಕಕ್ಕೆ ಬರುತ್ತದೆ, ಖಾಲಿ ಮನೆ ಬರುವುದಿಲ್ಲ. ಬಿಕಾಂ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಮಾಡಿ ನೋಡುತ್ತಾರೆ. ಅದೇ ತಿಂಗಳಿಗೆ ಎರಡು ಬೇರೆ ಉತ್ತರ ಬಂದಾಗ ಮುಖ ನೋಡಬೇಕು.

ಇನ್ನು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ದಿನಗಳು. ಅಂಥ ದಿನದ ಪುಟ ಖಾಲಿ ಇದ್ದರೆ ಅದಕ್ಕೆ ಏನು ಅರ್ಥ? ಮಳೆಮಾಪಕ ತುಂಬಿ ಹರಿದಿರಬಹುದು. ಅಳೆಯಬೇಕಾದವರು ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗಿರಬಹುದು. ಅಂದರೆ ಎಲ್ಲಕ್ಕಿಂತ ಮುಖ್ಯವಾದ ದಿನವೇ ಲೆಕ್ಕದಿಂದ ಜಾರಿಹೋಗುತ್ತದೆ. ಜಾಸ್ತಿ ಮಳೆ ಬಂದದ್ದಕ್ಕೇ ದಾಖಲೆ ಇಲ್ಲ! ಈ ಡೈರಿ ಓದಿ ಕಲಿತ ಯಂತ್ರ ಕೊಡಗಿನ ಮಳೆ ಅಷ್ಟೇನೂ ಜೋರಿಲ್ಲ ಎಂದುಕೊಳ್ಳುತ್ತದೆ. ಡೇಟಾ ಎಂಬ ಪದಕ್ಕೆ ನೂರು ವ್ಯಾಖ್ಯಾನ ಕೊಡುವುದಕ್ಕಿಂತ ಈ ಒಂದು ಖಾಲಿ ಪುಟ ತೋರಿಸುವುದು ಮೇಲು.

ಒಂದು ಲೋಟ ಏನು?

ಚಾಟ್‌ಬಾಟ್ ಬಗ್ಗೆ ಹೇಳದೆ ಈಗ ಪಾಠ ಮುಗಿಯುವುದಿಲ್ಲ. ಅದನ್ನು ಕಾಗದದಲ್ಲೇ ಆಡಿಸಬಹುದು.

"ಬೆಳಿಗ್ಗೆ ಎದ್ದು ಒಂದು ಲೋಟ ____ ಕುಡಿದೆ." ಖಾಲಿ ಜಾಗ ತುಂಬಿ ಎನ್ನುತ್ತೇನೆ. ಎಲ್ಲರೂ ಚೀಟಿಯಲ್ಲಿ ಬರೆಯುತ್ತಾರೆ. ಇಲ್ಲಿ ಕಾಫಿಯೇ ಗೆಲ್ಲುವುದು, ಹೇಳಬೇಕಾಗಿಲ್ಲ. ಒಂದಷ್ಟು ಟೀ, ಹಾಲು, ಎಲ್ಲೋ ಒಂದು ಬಿಸಿನೀರು. ಐವತ್ತು ಚೀಟಿಯಲ್ಲಿ ನಲವತ್ತು ಕಾಫಿ ಎಂದರೆ ಕಾಫಿಯ ಸಾಧ್ಯತೆ ನೂರಕ್ಕೆ ಎಂಬತ್ತು. ಇದೇ ಚೀಟಿಗಳನ್ನು ಅಸ್ಸಾಮಿನ ಕಾಲೇಜಿನಲ್ಲಿ ಕೊಟ್ಟರೆ ಟೀ ಗೆಲ್ಲಬಹುದು. ಭಾಷಾ ಮಾದರಿ ಮೂಲದಲ್ಲಿ ಮಾಡುವುದು ಇದನ್ನೇ. ಇಲ್ಲಿವರೆಗಿನ ಪದಗಳನ್ನು ನೋಡಿ ಮುಂದೆ ಯಾವುದು ಬರಬಹುದು ಎಂದು ಊಹಿಸುತ್ತದೆ, ಒಂದನ್ನು ಆರಿಸುತ್ತದೆ, ಮತ್ತೆ ಮುಂದಿನದನ್ನು ಊಹಿಸುತ್ತದೆ. 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸದಿಂದ ಬಹಳ ಹಿಂದಿನ ಪದಗಳನ್ನೂ ಗಮನದಲ್ಲಿ ಇಟ್ಟುಕೊಂಡು ಊಹಿಸಲು ಸಾಧ್ಯವಾಯಿತು. ನಿಜ ಹೇಳಬೇಕು ಎಂಬುದು ಈ ಮೂಲ ಆಟದ ನಿಯಮ ಅಲ್ಲ. ಬಂದೀತು ಎನಿಸುವ ಪದ ಬರಬೇಕು, ಅಷ್ಟೇ. ನಿಜದ ಕಡೆಗೆ ಎಳೆಯುವ ತಿದ್ದುಪಡಿಗಳು ಆಮೇಲೆ ಮಾಡುವಂಥವು.

ಇದಾದ ಮೇಲೆ ಕಾಚಂಪುಳಿಯ ಪರೀಕ್ಷೆ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಕಪ್ಪು ಹುಳಿ ಅದು. ಘಟ್ಟದ ಬೇರೆ ಕಡೆ ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಚಾಟ್‌ಬಾಟ್‌ಗೆ ಕನ್ನಡದಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಕೇಳಿ, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಕೇಳಿ. ಮೂರು ಉತ್ತರವನ್ನೂ ಬರೆದುಕೊಂಡು ಮನೆಯಲ್ಲಿ ಅಡುಗೆ ಮಾಡುವವರಿಗೆ ಓದಿ ಹೇಳಿ. ಅವರು ಎಲ್ಲಿ ನಕ್ಕರು ಎಂದು ಗುರುತು ಹಾಕಿಕೊಂಡು ಬನ್ನಿ. ಇದೇ ನನ್ನ ಅಸೈನ್‌ಮೆಂಟ್. ಇದನ್ನು ಫೋನಿನಿಂದ ಬರೆಸಿಕೊಂಡು ಬರಲು ಆಗುವುದಿಲ್ಲ ಎಂಬುದು ಇನ್ನೊಂದು ಲಾಭ.

ಯಂತ್ರ ಎಡವುವುದಕ್ಕೆ ಕಾರಣ ಹುಡುಕುವುದೇ ಪಾಠದ ತಿರುಳು. ಇಂಗ್ಲಿಷ್ ಬರಹ ಇಂಟರ್ನೆಟ್ ತುಂಬ ಇದೆ. ಕನ್ನಡ ಅದಕ್ಕಿಂತ ಎಷ್ಟೋ ಕಮ್ಮಿ. ಕೊಡವ ತಕ್ಕ್ ಆಡುವವರು 2011ರ ಜನಗಣತಿಯಲ್ಲಿ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಯುನೆಸ್ಕೋ ಅದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಬರೆದದ್ದು ಕಮ್ಮಿ, ಬರೆದದ್ದರಲ್ಲೂ ಒಂದೇ ರೀತಿ ಇಲ್ಲ. ಒಂದೇ ಸುಗ್ಗಿ ಹಬ್ಬವನ್ನು ಒಬ್ಬರು ಪುತ್ತರಿ ಎಂದು ಬರೆಯುತ್ತಾರೆ, ಇನ್ನೊಬ್ಬರು ಹುತ್ತರಿ. ಆಯುಧ ಪೂಜೆಯ ಹಬ್ಬ ಒಬ್ಬರಿಗೆ ಕೈಲ್ ಪೊಳ್ದ್, ಮತ್ತೊಬ್ಬರಿಗೆ ಕೈಲ್ ಮುಹೂರ್ತ. ಆ ಭಾಷೆಯ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಸರಿಯಾದ ಅಕ್ಷರವೇ ಇಲ್ಲ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದ. ಅರೆಭಾಷೆಯ ಕಥೆಯೂ ಹೆಚ್ಚು ಕಮ್ಮಿ ಹೀಗೇ. ಯರವರ, ಜೇನುಕುರುಬರ ಮಾತಂತೂ ಬರಹದಲ್ಲಿ ಸಿಗುವುದೇ ಅಪರೂಪ. ಆ ಹಾಡಿಗಳಿಂದ ಬಂದ ಮಕ್ಕಳೂ ಇದೇ ಬೆಂಚಿನಲ್ಲಿ ಕೂತಿರುತ್ತಾರೆ. ನಿಮ್ಮ ಭಾಷೆಯಲ್ಲಿ ಕೇಳಿ ನೋಡಿ ಎಂದು ಅವರಿಗೆ ಹೇಳಿದಾಗ ಬರುವ ಮೌನವೂ ಪಾಠದ ಒಂದು ಭಾಗ.

ಕೆಲವು ಸಹೋದ್ಯೋಗಿಗಳ ಚಿಂತೆ ಬೇರೆ. ಮಕ್ಕಳು ಕಾಪಿ ಹೊಡೆಯುತ್ತಾರೆ, ಪತ್ತೆ ಹಚ್ಚುವ ಸಾಫ್ಟ್‌ವೇರ್ ತರೋಣ ಎನ್ನುತ್ತಾರೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥ ಒಂದು ಸಾಧನ ಬಿಟ್ಟಿತ್ತು. ಯಂತ್ರ ಬರೆದ ನೂರರಲ್ಲಿ ಅದು ಹಿಡಿದದ್ದು 26ನ್ನು. ಮನುಷ್ಯರು ಬರೆದ ನೂರರಲ್ಲಿ 9ನ್ನು ಯಂತ್ರದ್ದು ಎಂದಿತು. ನಿಖರತೆ ಸಾಲದು ಎಂದು ಆ ಜುಲೈನಲ್ಲಿ ಅವರೇ ಹಿಂತೆಗೆದುಕೊಂಡರು. ಆನೆ ಲೆಕ್ಕ ಕಲಿತ ವಿದ್ಯಾರ್ಥಿ ಈ ಎರಡು ಅಂಕಿ ನೋಡಿದರೆ ಮೇಷ್ಟರಿಗೇ ಪಾಠ ಹೇಳುತ್ತಾನೆ. ಒಬ್ಬ ಪ್ರಾಮಾಣಿಕ ಹುಡುಗಿಯನ್ನು ಕಳ್ಳಿ ಎಂದರೆ ಆ ನಷ್ಟ ಯಾರದ್ದು ಅಂತ.

ಪಾಠ ಮಾಡುವವರು ಯಾರು ಎಂಬುದು ಕಷ್ಟದ ಪ್ರಶ್ನೆ. ಸರ್ಕಾರಿ ಕಾಲೇಜುಗಳಲ್ಲಿ ಬಹಳಷ್ಟು ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಕಂಪ್ಯೂಟರ್ ಸೈನ್ಸ್‌ನವರು ಒಬ್ಬರಿದ್ದರೆ ಎಲ್ಲ ಸೆಕ್ಷನ್ ಅವರ ಹೆಗಲಿಗೆ. ಅವರು ಬೇರೆ ಕಡೆ ಹೋದರೆ ಪೇಪರ್ ಅನಾಥ. ನನ್ನ ಅಭಿಪ್ರಾಯದಲ್ಲಿ ಇದನ್ನು ಒಬ್ಬರಿಗೇ ಬಿಡಬಾರದು. ಡೈರಿಯ ಅಂಕಿಗಳನ್ನು ವಾಣಿಜ್ಯದವರು ನೋಡಿಕೊಳ್ಳಲಿ. ಕಾಗುಣಿತದ ಗೊಂದಲವನ್ನು ಕನ್ನಡದವರು ಬಿಡಿಸಲಿ. ಆನೆ ಲೆಕ್ಕವನ್ನು ಅರ್ಥಶಾಸ್ತ್ರದವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಕೋಡಿಂಗ್ ಬೇಕಾದವರಿಗೆ ಆಮೇಲೆ ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಜಾಲತಾಣದಲ್ಲಿ ಪಾಠಗಳು ಇದ್ದೇ ಇವೆ.

ಹಣದ ಮಾತು ಬಂದಾಗ ದೊಡ್ಡ ಅಂಕಿ ಕೇಳುತ್ತೇವೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಒಪ್ಪಿಗೆ ಕೊಟ್ಟಿತು. ಅದರ ದೊಡ್ಡ ಪಾಲು ಕಂಪ್ಯೂಟರ್ ಶಕ್ತಿಗೆ. ಅದು ಬೇಕು, ತಕರಾರಿಲ್ಲ. ಆದರೆ ಜುಲೈ ತಿಂಗಳಲ್ಲಿ ಇಲ್ಲಿ ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಯಿತು, ಮಾರನೆಯ ದಿನ ರಜೆ ಘೋಷಣೆಯೂ ಆಯಿತು. ಲ್ಯಾಬ್ ನಂಬಿಕೊಂಡ ಪಠ್ಯ ಮಳೆಗಾಲದ ಸೆಮಿಸ್ಟರಿನಲ್ಲಿ ನಿಲ್ಲುವುದಿಲ್ಲ. ಚೀಟಿ, ಬೋರ್ಡು, ಗ್ರಾಫ್ ಹಾಳೆ, ಮನೆಯ ಡೈರಿ ನಿಲ್ಲುತ್ತವೆ. ಎಕ್ಸೆಲ್, ಚಾಟ್‌ಬಾಟ್‌ಗಳನ್ನು ಬಿಸಿಲು ಬಂದ ಮೇಲೆ ತೆಗೆದರಾಯಿತು.

ಅಂದ ಹಾಗೆ, ಆ 2.5. ಪುಟ ತಂದ ವಿದ್ಯಾರ್ಥಿನಿಗೆ ಅಜ್ಜನನ್ನೇ ಕೇಳು ಎಂದೆ. ಮಧ್ಯಾಹ್ನ ಫೋನ್ ಮಾಡಿದಳು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, ಆ ವಾರ ತಾನು ಊರಲ್ಲಿರಲಿಲ್ಲ, ಬರೆದದ್ದು ತೋಟದ ಲೆಕ್ಕಪತ್ರ ನೋಡುತ್ತಿದ್ದ ರೈಟರ್ ಎಂದರಂತೆ. ರೈಟರ್ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅವಳು ವಾಪಸ್ ಬಂದು ಹಾಳೆಯಲ್ಲಿ ಹೊಸದೊಂದು ಕಾಲಂ ಎಳೆದಳು. ಮೇಲೆ "ಯಾರು ಬರೆದದ್ದು" ಎಂದು ಹಾಕಿದಳು. 2.5ರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಳು.